ಮಗನ ಫೋನ್ ಬಂದು 11 ದಿನ ಆಯ್ತು, ಯಾರನ್ನು ಕೇಳಬೇಕು?

ತೋಟದಮನೆ ಆಯಿ, ಶಿರಸಿ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯೋದು ಇದೇ ಮೊದಲು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಮನೆ ಶಿರಸಿಯಿಂದ ಒಳಗೆ, ಒಂದು ಎಕರೆ ಅಡಿಕೆ ತೋಟ. ಒಬ್ಬನೇ ಮಗ, ಅಗ್ನಿವೀರ. ಬೆಳಗಾವಿಯಲ್ಲಿ ಟ್ರೇನಿಂಗ್ ಮುಗಿದು ಕಸಂ ಪರೇಡ್, ಅಂದರೆ ಪ್ರಮಾಣ ಮಾಡಿಸೋ ಪರೇಡ್, ಆದಾಗ ನಾವಿಬ್ಬರೂ ಹೋಗಿದ್ದೆವು. ಆ ಖುಷಿಯಲ್ಲಿ ಮುಂದಿನದು ತಲೆಗೇ ಬರಲಿಲ್ಲ ನೋಡಿ. ಈಗ ಮೂರು ತಿಂಗಳಿಂದ ಲಡಾಖ್ ಕಡೆ ಇದ್ದಾನೆ. ಸರಿಯಾಗಿ ಎಲ್ಲಿ ಅಂತ ಅವನೂ ಹೇಳಿಲ್ಲ, ನಾನೂ ಕೇಳಿಲ್ಲ.

ಪ್ರತಿ ಭಾನುವಾರ ಸಂಜೆ ಫೋನ್ ಮಾಡುತ್ತಿದ್ದ. ಈ ಭಾನುವಾರ ಬರಲಿಲ್ಲ. ಇವತ್ತಿಗೆ 11 ದಿನ. ಅವನ ನಂಬರಿಗೆ ಹಚ್ಚಿದರೆ ಯಾರೋ ಹೆಂಗಸು ಹಿಂದಿಯಲ್ಲಿ ಏನೋ ಹೇಳುತ್ತಾಳೆ, ಕಟ್ ಆಗುತ್ತೆ. ಹಗಲು ಹೇಗೋ ಕಳೆಯುತ್ತೆ, ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿ, ಮಳೆಯಂತೂ ಹೊಳವಾಗೋದೇ ಇಲ್ಲ. ರಾತ್ರಿ ಕಷ್ಟ. ನಮ್ಮಲ್ಲಿ ಸಿಗ್ನಲ್ ಸಿಗೋದು ಅಡುಗೆಮನೆ ಕಿಟಕಿ ಹತ್ತಿರ ಮಾತ್ರ, ಹಾಗಾಗಿ ನಾನು ಈಗ ಚಾಪೆ ಹಾಸಿ ಮಲಗೋದೂ ಅಲ್ಲೇ. ಗಂಟೆಗೊಂದು ಸಲ ಎದ್ದು ಕಡ್ಡಿ ಇದೆಯಾ ಅಂತ ನೋಡುತ್ತೇನೆ.

ನಮ್ಮ ಯಜಮಾನರು ಬೆಳಿಗ್ಗೆ ಟೀವಿ ಹಾಕಿದರೆ ರಾತ್ರಿವರೆಗೂ ಅದೇ. ಮಾತಿಲ್ಲ, ಕತೆಯಿಲ್ಲ. ಏನಾದರೂ ಕೇಳಿದರೆ ರೇಗುತ್ತಾರೆ.

ಇನ್ನೊಂದು ಹೇಳಬೇಕು, ಇದನ್ನು ಅವರಿಗೂ ಹೇಳಿಲ್ಲ. ಮಗ ಫೋನ್ ಮಾಡಿದಾಗೆಲ್ಲ ನಾನು ಅತ್ತುಬಿಡುತ್ತೇನೆ. ಅಳಬಾರದು ಅಂತಲೇ ಎತ್ತುತ್ತೇನೆ, "ಆಯೀ" ಅಂದ ಕೂಡಲೇ ಮುಗೀತು. ಕೊನೇ ಸಲ "ನೀನು ಹೀಗೇ ಅಳೋದಾದರೆ ನಾನು ಫೋನೇ ಮಾಡೋಲ್ಲ ನೋಡು" ಅಂದ. ಅದಾದ ಮೇಲೆ ಫೋನ್ ಇಲ್ಲ. ನನ್ನಿಂದಲೇ ಹೀಗಾಯ್ತಾ?

ಇಂಥ ಹೊತ್ತಲ್ಲಿ ಕೇಳೋಕೆ ಯಾವುದಾದರೂ ಕಛೇರಿ ಇದೆಯಾ? ಚೌತಿಗೆ ರಜೆ ಸಿಗಬಹುದಾ? ಸಿಗದಿದ್ದರೆ ಚಕ್ಕುಲಿಯಾದರೂ ಕಳಿಸಬೇಕು ಅಂತಿದೆ. ಗೊತ್ತಿದ್ದವರು ಹೇಳಿ.

ಜೈಹಿಂದ್ ಕುಮಟಾ:

ಅಮ್ಮಾ, ದೇಶಕ್ಕೆ ಮಗನನ್ನು ಕೊಟ್ಟ ಮೇಲೆ ತಾಯಿ ಅಳಬಾರದು. ನೀವು ವೀರ ಮಾತೆ. ಧೈರ್ಯವಾಗಿರಿ. ಜೈ ಹಿಂದ್.

ಬಿಣಗಾದವಳು:

ಕುಮಟಾದ ತಮ್ಮಾ, ನಿನ್ನ ಮಗ ಎಲ್ಲಿದ್ದಾನೆ? ಮನೆಯಲ್ಲೇ ಅಲ್ವಾ? ಹಾಗಾದರೆ ಸ್ವಲ್ಪ ಸುಮ್ನಿರು.

ಅಕ್ಕಾ, ಅಳು ಬಂದರೆ ಅಳಿ. ನನ್ನ ಮಗ ನೇವಿಯಲ್ಲಿ ಒಂಬತ್ತು ವರ್ಷದಿಂದ ಇದ್ದಾನೆ, ನನಗೆ ಈಗಲೂ ಬರುತ್ತೆ. ನಮ್ಮದು ಇನ್ನೊಂದು ತಮಾಷೆ ಕೇಳಿ. ನಮ್ಮ ಮನೆ, ತೆಂಗಿನ ಹಿತ್ತಲು ಎಲ್ಲ ಸೀಬರ್ಡ್‌ಗೆ, ಅದೇ ನೇವಿ ಬೇಸಿನ ಯೋಜನೆಗೆ, ಹೋಯ್ತು. ಪರಿಹಾರಕ್ಕೆ ಅಲೆದದ್ದು ಬೇರೆ ಕತೆ, ಅದನ್ನು ಶುರು ಮಾಡಿದರೆ ಇವತ್ತು ಮುಗಿಯೋಲ್ಲ. ನಮ್ಮ ಯಜಮಾನರು ಸಾಯುವವರೆಗೂ ನೇವಿ ಅಂದರೆ ಬೈಯುತ್ತಿದ್ದರು. ಮಗ ಹೋಗಿ ಸೇರಿದ್ದು ಅಲ್ಲಿಗೇ. ಇಲ್ಲಿ ಅರ್ಗಾದಲ್ಲಿ ಅಷ್ಟು ದೊಡ್ಡ ಬೇಸ್ ಇದೆ, 2005ರಲ್ಲಿ ಐಎನ್ಎಸ್ ಕದಂಬ ಅಂತ ಹೆಸರಿಟ್ಟು ಶುರು ಮಾಡಿದ್ದು, ಸ್ಕೂಟರಲ್ಲಿ ಹತ್ತು ನಿಮಿಷ. ಆದರೆ ನನ್ನ ಮಗನ ಹಡಗು ಇರೋದು ವಿಶಾಖಪಟ್ಟಣದಲ್ಲಿ! ದಿನಾ ಬೆಳಿಗ್ಗೆ ಬೇರೆಯವರ ಮಕ್ಕಳು ಬಿಳಿ ಬಟ್ಟೆ ಹಾಕಿಕೊಂಡು ನಮ್ಮ ಬಾಗಿಲ ಮುಂದೆ ಹೋಗುತ್ತಾರೆ, ನಾನು ನೋಡುತ್ತಾ ನಿಂತಿರುತ್ತೇನೆ.

ಹಡಗು ಹೊರಟಿತು ಅಂದರೆ ಫೋನ್ ಬಂದ್. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಸಿಗ್ನಲ್ ಎಲ್ಲಿಂದ ಬರಬೇಕು. ಒಂದು ಸಲ 40 ದಿನ ಸುದ್ದಿ ಇರಲಿಲ್ಲ. ಹಾಗಾಗಿ ನಾವು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ: ಹೊರಡುವ ಮೊದಲು "ಆಯಿ, ಮೊಬೈಲ್ ರಿಪೇರಿಗೆ ಕೊಡ್ತೀನಿ" ಅಂತಾನೆ. ಅಷ್ಟೇ. ಎಲ್ಲಿಗೆ, ಎಷ್ಟು ದಿನ, ನಾನು ಕೇಳೋಲ್ಲ. ನೀವೂ ಮಗನ ಹತ್ತಿರ ಇಂಥದ್ದೊಂದು ಮಾತು ಇಟ್ಟುಕೊಳ್ಳಿ. 11 ದಿನ ಫೋನ್ ಇಲ್ಲ ಅನ್ನೋದಕ್ಕಿಂತ, ಇಲ್ಲ ಅಂತ ಮೊದಲೇ ಗೊತ್ತಿಲ್ಲದೇ ಇರೋದು ನಮ್ಮನ್ನು ಕೊಲ್ಲುತ್ತೆ.

ಎಚ್ಚರಿಕೆ ಒಂದು. ಹೋದ ವರ್ಷ ಯಾರೋ ಫೋನ್ ಮಾಡಿ "ನಿಮ್ಮ ಮಗನಿಗೆ ಆಕ್ಸಿಡೆಂಟ್ ಆಗಿದೆ, 40 ಸಾವಿರ ಈ ನಂಬರಿಗೆ ಹಾಕಿ" ಅಂದ. ಮಗನ ಹೆಸರು, ಹಡಗಿನ ಹೆಸರು ಎಲ್ಲ ಸರಿಯಾಗೇ ಹೇಳಿದ. ಕೈ ನಡುಗುತ್ತಿತ್ತು, ದುಡ್ಡು ಹಾಕೋಕೆ ಹೋಗಿದ್ದೆ, ಪಕ್ಕದ ಮನೆ ಹುಡುಗ ಫೋನ್ ಕಿತ್ತುಕೊಂಡ. ಎಲ್ಲಿಂದ ಗೊತ್ತಾಯ್ತು ಅಂದರೆ, ನಾನೇ ಫೇಸ್‌ಬುಕ್ಕಲ್ಲಿ ಮಗನ ಫೋಟೋ ಹಾಕಿ ಎಲ್ಲ ಬರೆದಿದ್ದೆ. ಈಗ ಫೋಟೋನೂ ಇಲ್ಲ, ಸ್ಟೇಟಸ್ಸೂ ಇಲ್ಲ. ಅಂಥ ಫೋನ್ ಬಂದರೆ 1930ಕ್ಕೆ ಹೇಳಿ, ಸೈಬರ್ ಮೋಸದ ದೂರಿನ ನಂಬರ್ ಅದು. ಸೈನ್ಯದವರು ಯಾರೂ ಗೂಗಲ್ ಪೇ ಮಾಡಿ ಅನ್ನೋಲ್ಲ.

ಹಳೇ ಹವಾಲ್ದಾರ, ಅಂಕೋಲಾ:

ತಂಗೀ, ನಾನು ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ಇದ್ದು ನಿವೃತ್ತಿ ಆದವನು. ಎರಡು ಸಲ ಆ ಕಡೆ ಮೇಲೆ ಇದ್ದೆ. ಮೊದಲು, ನನ್ನಿಂದಲೇ ಹೀಗಾಯ್ತಾ ಅಂದಿರಲ್ಲ, ಆ ಪ್ರಶ್ನೆ. ನಿಮ್ಮಿಂದ ಆಗಿಲ್ಲ. ಹುಡುಗರು ಹಾಗೆ ಹೇಳುತ್ತಾರೆ, ಸಿಗ್ನಲ್ ಸಿಕ್ಕರೆ ಮತ್ತೆ ಮೊದಲು ಹಚ್ಚೋದು ಆಯಿಗೇ.

ಫೋನ್ ಬರದೇ ಇರೋಕೆ ನೂರು ಕಾರಣ ಇರುತ್ತೆ. ಕೆಳಗಿನ ಕ್ಯಾಂಪಿನಿಂದ ಮೇಲಿನ ಪೋಸ್ಟಿಗೆ ಕಳಿಸಿರುತ್ತಾರೆ, ಮೊಬೈಲ್ ಕೆಳಗೇ ಜಮಾ ಆಗಿರುತ್ತೆ. ಕೆಲವು ಸಲ ಫೋನ್ ಬಂದ್ ಇಡಿ ಅಂತ ಆರ್ಡರ್ ಬರುತ್ತೆ, ಮನೆಗೆ ಹೇಳೋಕೂ ಬಿಡೋಲ್ಲ. ಕೆಲವು ಪೋಸ್ಟಲ್ಲಿ ಈಗ ಟವರ್ ಬಂದಿದೆ, ಎಲ್ಲ ಕಡೆ ಇಲ್ಲ. ಮತ್ತೆ ನಿಮ್ಮ ಕಡೆಯದ್ದೂ ಲೆಕ್ಕ ಹಾಕಿ! ಈ ಮಳೆಯಲ್ಲಿ ಕರೆಂಟ್ ಹೋದರೆ ಘಟ್ಟದ ಮೇಲಿನ ಟವರಿನ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ? ಅವನು ಅಲ್ಲಿ ನಾಲ್ಕು ಸಲ ಹಚ್ಚಿ, ನಿಮ್ಮ ಫೋನ್ ನಾಟ್ ರೀಚೆಬಲ್ ಅಂತ ಬೈದುಕೊಂಡಿರಬಹುದು. ಪೇಟೆಯಲ್ಲಿರುವ ನೆಂಟರದ್ದೋ ಸೊಸೈಟಿ ಅಂಗಡಿಯದ್ದೋ ಒಂದು ನಂಬರ್ ಅವನ ಹತ್ತಿರ ಇರಲಿ.

ಯಾರನ್ನು ಕೇಳೋದು ಅಂದಿರಿ. ಮುಂದಿನ ಸಲ ಫೋನ್ ಬಂದಾಗ ಅವನ ಸರ್ವಿಸ್ ನಂಬರ್, ಯುನಿಟ್ಟಿನ ಪೂರ್ತಿ ಹೆಸರು, ಕಂಪನಿ ಆಫೀಸಿನ ಒಂದು ನಂಬರ್ ಬರೆದುಕೊಳ್ಳಿ. ಮೊಬೈಲಲ್ಲಿ ಬೇಡ, ಕ್ಯಾಲೆಂಡರಿನ ಹಿಂದೆ ಪೆನ್ನಲ್ಲಿ. ಈಗ ಸದ್ಯಕ್ಕೆ, ಪರೇಡಿನ ದಿನ ಬೇರೆ ಹುಡುಗರ ಅಪ್ಪ ಅಮ್ಮ ಸಿಕ್ಕಿರಬೇಕಲ್ಲ, ಅವರಲ್ಲಿ ಅದೇ ಯುನಿಟ್ಟಿಗೆ ಹೋದ ಹುಡುಗನ ಮನೆಗೆ ಫೋನ್ ಮಾಡಿ. ಒಬ್ಬರಿಗೆ ಸುದ್ದಿ ಬಂದರೆ ಹತ್ತು ಮನೆಗೆ ಬಂದ ಹಾಗೆ. ಅದೂ ಆಗದಿದ್ದರೆ ಕಾರವಾರದಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಛೇರಿ ಇದೆ. ಮಾಜಿ ಸೈನಿಕರಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ, ಸರ್ವಿಸಲ್ಲಿರುವವರ ಮನೆಯವರೂ ಹೋಗಬಹುದು. ಈ ಮಳೆಯಲ್ಲಿ ದೇವಿಮನೆ ಘಟ್ಟ ಇಳಿಯೋ ಮೊದಲು ಫೋನ್ ಮಾಡಿ ಕೇಳಿ. ಅಂದ ಹಾಗೆ, ಏನಾದರೂ ಹೆಚ್ಚುಕಮ್ಮಿ ಆದರೆ ಯುನಿಟ್ಟಿನವರೇ ಮನೆಗೆ ತಿಳಿಸುತ್ತಾರೆ. ಅದನ್ನು ಟೀವಿಯಲ್ಲಿ ಹುಡುಕುತ್ತಾ ಕೂರಬೇಡಿ.

ರಜೆ ವಿಷಯ. ನಮ್ಮ ಕಾಲದಲ್ಲಿ ವರ್ಷಕ್ಕೆ 60 ದಿನ ಇತ್ತು, ಮೇಲೆ ಕ್ಯಾಶುವಲ್ ಬೇರೆ. ಅಗ್ನಿವೀರರಿಗೆ 30 ದಿನ ಮಾತ್ರ. ಅಷ್ಟರಲ್ಲಿ ಹೋಗಿ ಬರುವ ರೈಲು ಬೇರೆ. ಚೌತಿಗೆ ಬರುತ್ತಾನೆ ಅಂತ ಕಾಯಬೇಡಿ, ಬಂದರೆ ಬರಲಿ.

ಈಗ ಅಳುವಿನ ವಿಷಯ, ಇದು ಆ ಕಡೆಯಿಂದ ಹೇಳುತ್ತೇನೆ. ಆಗ ಸ್ಯಾಟಲೈಟ್ ಫೋನಿಗೆ ಸಾಲು ನಿಲ್ಲಬೇಕಿತ್ತು. ನನ್ನ ಪಾಳಿ ಬಂದದ್ದೇ ಮೂರು ನಿಮಿಷ, ಆಯಿ ಮೂರು ನಿಮಿಷವೂ ಅತ್ತಳು. ನಾನು "ಆರಾಮಿದ್ದೇನೆ" ಅಂತ ಇಟ್ಟೆ. ಆ ರಾತ್ರಿ ಸಂತ್ರಿ ಡ್ಯೂಟಿಯಲ್ಲಿ ನನ್ನ ಕಣ್ಣು ಮುಂದಿತ್ತು, ತಲೆ ಅಂಕೋಲೆಯಲ್ಲಿತ್ತು. ಆಮೇಲೆ ನನ್ನ ಹೆಂಡತಿ ಒಂದು ಕಾಗದ ಬರೆದಳು. ಅದರಲ್ಲಿ ಕ್ಷೇಮ ಸಮಾಚಾರ ಒಂದೇ ಸಾಲು. ಉಳಿದದ್ದೆಲ್ಲ ನಮ್ಮನೆ ಹುಂಜ ಬಾವಿಗೆ ಬಿದ್ದದ್ದು, ಬುಟ್ಟಿ ಇಳಿಬಿಟ್ಟರೆ ಅದು ಹತ್ತದೇ ಅಪ್ಪನಿಗೇ ಕುಟುಕಿದ್ದು, ಕೊನೆಗೆ ಪಕ್ಕದ ಮನೆಯವನು ಇಳಿದು ಎತ್ತಿ "ಇದು ನನಗೇ ಸೇರಬೇಕು" ಅಂತ ಜಗಳ ತೆಗೆದದ್ದು. ಆ ಟೆಂಟಲ್ಲಿ ಆರು ಜನ ಇದ್ದೆವು, ಚಳಿ ಕಾಯಿಸೋ ಸೀಮೆಎಣ್ಣೆ ಒಲೆ, ಬುಖಾರಿಯ ಹೊಗೆಗೆ ಎಲ್ಲರ ಮೂಗೂ ಕಪ್ಪು. ನಾನು ಕಾಗದವನ್ನು ಮರಾಠಿ ಮಾಡಿ ಓದಿದೆ. ಒಂದು ವಾರ ಅವರೆಲ್ಲ ನನಗೆ ಸಿಕ್ಕಾಗೆಲ್ಲ ಕೇಳುತ್ತಿದ್ದದ್ದು ಒಂದೇ: ಹುಂಜ ಕೊನೆಗೆ ಯಾರಿಗೆ ಸಿಕ್ಕಿತು?

ಮಗ ಫೋನ್ ಮಾಡಿದರೆ ಊಟ ಆಯ್ತಾ, ಚಳಿ ಇದೆಯಾ ಅಂತ ಕೇಳಬೇಡಿ. ಊಟ ಆಗಿರುತ್ತೆ, ಚಳಿ ಇದ್ದೇ ಇರುತ್ತೆ. ತೋಟದ ಸುದ್ದಿ ಹೇಳಿ, ಊರಿನ ಜಗಳ ಹೇಳಿ.

ಬೋಟಿನವ, ಹೊನ್ನಾವರ:

ನಾನು ಯಜಮಾನರ ಪರವಾಗಿ ಬರೆಯುತ್ತಿದ್ದೇನೆ ಅಕ್ಕಾ. ನನ್ನ ಮಗಳೂ ಅಗ್ನಿವೀರಳೇ, ನೇವಿ. ಒಡಿಶಾದ ಚಿಲಿಕಾದಲ್ಲಿ ಟ್ರೇನಿಂಗ್ ಆಯ್ತು. ಹೆಣ್ಣು ಮಕ್ಕಳನ್ನು ಅಲ್ಲಿಗೆ ಯಾಕೆ ಕಳಿಸಿದೆ ಅಂತ ಕೇಳದವರಿಲ್ಲ, ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ 25 ಜನರನ್ನು ಮಾತ್ರ ಇಟ್ಟುಕೊಳ್ಳೋದು ಆಮೇಲೆ ಏನು ಮಾಡುತ್ತೀಯ ಅಂತ ಕೇಳದವರೂ ಇಲ್ಲ. ಕೇಳಲಿ.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಗಲಾಟೆ ಆಯ್ತಲ್ಲ, ಮಾಕ್ ಡ್ರಿಲ್ ಪಟ್ಟಿಯಲ್ಲಿ ನಮ್ಮ ಕಾರವಾರದ ಹೆಸರೂ ಬಂತಲ್ಲ, ಆಗ ನಾನೂ ನಿಮ್ಮ ಯಜಮಾನರ ಹಾಗೇ ಟೀವಿ ಮುಂದೆ ಕೂತವನು. ಅದು ಮುಗಿದರೂ ನನ್ನದು ಮುಗಿಯಲಿಲ್ಲ. ಜೂನ್, ಜುಲೈ 61 ದಿನ ಮೀನುಗಾರಿಕೆ ನಿಷೇಧಕ್ಕೆ ಬೋಟ್ ಬೇರೆ ಬಂದ್, ಮಾಡೋಕೆ ಕೆಲಸ ಇಲ್ಲ, ಅದೇ ಹಳೇ ವಿಡಿಯೋ ತಿರುಗಿಸಿ ತಿರುಗಿಸಿ ನೋಡೋದು. ಹೆಂಡತಿ ಮಾತಾಡಿಸಿದರೆ ಕೋಪ. ಯಾಕೆ ಅಂದರೆ ಬಾಯಿ ಬಿಟ್ಟರೆ ನಾನೂ ಅಳುತ್ತೇನೆ ಅಂತ ಗೊತ್ತಿತ್ತು. ನಿಮ್ಮ ಯಜಮಾನರದ್ದೂ ಅದೇ ಇರಬೇಕು ಅಂತ ನನ್ನ ಅಂದಾಜು, ತಪ್ಪಿದ್ದರೂ ಇರಬಹುದು.

ನನ್ನನ್ನು ಎಬ್ಬಿಸಿದ್ದು ನನ್ನ ಆಯಿ. 80 ದಾಟಿದೆ. "ನೀನು ಬೋಟಿಗೆ ಹೋದಾಗ ಗಾಳಿ ಎದ್ದರೆ ನಾನು ದಡಕ್ಕೆ ಹೋಗಿ ನಿಲ್ಲುತ್ತಿದ್ದೆ, ಮನೆಗೆ ಬಂದು ಮೀನಿನ ಬುಟ್ಟಿ ಹೊತ್ತು ಮಾರೋಕೂ ಹೋಗುತ್ತಿದ್ದೆ, ನೀನು ಕೂತೇ ಇದ್ದೀಯಲ್ಲೋ" ಅಂದಳು. 30 ವರ್ಷ ನಾನು ಸಮುದ್ರಕ್ಕೆ ಹೋಗಿದ್ದೇನೆ, ಆಯಿ ದಡದಲ್ಲಿ ನಿಲ್ಲುತ್ತಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ.

ಅವರನ್ನು ಟೀವಿ ಆರಿಸಿ ಅನ್ನಬೇಡಿ, ಆರಿಸೋಲ್ಲ. ಏನಾದರೂ ಕೆಲಸ ಹಚ್ಚಿ. ಮಗನಿಗೆ ಪಾರ್ಸೆಲ್ ಕಟ್ಟೋಕೆ ಡಬ್ಬ ಹುಡುಕಿ ಅನ್ನಿ.

ಆಸ್ಪತ್ರೆ ಸಿಸ್ಟರ್, ಕಾರವಾರ:

ಎಲ್ಲರೂ ಚೆನ್ನಾಗಿ ಹೇಳಿದ್ದಾರೆ, ಒಂದು ಮಾತ್ರ ಬಿಟ್ಟಿದ್ದಾರೆ. ಅಕ್ಕಾ, ನಿದ್ದೆ ಇಲ್ಲದೇ ಎಷ್ಟು ದಿನ ಆಯ್ತು? ಎರಡು ವಾರ ದಾಟಿದರೆ, ಊಟ ಸೇರದಿದ್ದರೆ, ಸುಮ್ನೆ ತಡೆದುಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ. ಪೇಟೆಗೆ ಹೋಗೋದು ಕಷ್ಟ ಅಂದರೆ 14416ಕ್ಕೆ ಹಚ್ಚಿ, ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ಕಡ್ಡಿ ನೋಡೋಕೆ ಎದ್ದಾಗ ಅಲ್ಲಿಗೇ ಒಂದು ಫೋನ್ ಮಾಡಬಹುದು. ಯಜಮಾನರಿಗೂ ನಂಬರ್ ಕೊಡಿ.

ಬಿಣಗಾದವಳು:

ಹೌದು ಸಿಸ್ಟರ್. ನಾನು ಸಂಜೆ ಬೇಜಾರಾದರೆ ಟಾಗೋರ್ ಬೀಚಿಗೆ ಹೋಗುತ್ತೇನೆ, ಮ್ಯೂಸಿಯಂ ಮಾಡಿಟ್ಟ ಹಳೇ ಯುದ್ಧನೌಕೆ ಚಾಪಲ್ ಹತ್ತಿರ. ಅಲ್ಲೇ ನಮ್ಮ ಚೆಂಡಿಯಾದ ರಾಮ ರಾಘೋಬಾ ರಾಣೆಯವರ ಪ್ರತಿಮೆ ಇದೆಯಲ್ಲ. 1948ರ ಏಪ್ರಿಲಲ್ಲಿ ಗಾಯ ಆದರೂ ಜಮ್ಮು-ಕಾಶ್ಮೀರದ ರಜೌರಿ ದಾರಿಯಲ್ಲಿ ಮೈನ್ ತೆಗೆಯುತ್ತಾ ಟ್ಯಾಂಕಿಗೆ ದಾರಿ ಮಾಡಿಕೊಟ್ಟರಂತೆ, ಪರಮವೀರ ಚಕ್ರ. ಜನ ಅಲ್ಲಿ ಸೆಲ್ಫಿ ತೆಗೆಯುತ್ತಾರೆ. ನನಗೆ ಮಾತ್ರ, ಆಗ ಚೆಂಡಿಯಾದ ಮನೆಯಲ್ಲಿದ್ದವರಿಗೆ ಸುದ್ದಿ ಯಾವಾಗ ಮುಟ್ಟಿತೋ ಅಂತ ಅನಿಸುತ್ತೆ.

ತೋಟದಮನೆ ಆಯಿ, ಶಿರಸಿ:

ಬಂತು! ನಿನ್ನೆ ಮಧ್ಯಾಹ್ನ ಬಂತು. ಹವಾಲ್ದಾರರು ಹೇಳಿದ ಹಾಗೇ, ಮೇಲಿನ ಪೋಸ್ಟಿಗೆ ಹೋಗಿದ್ದನಂತೆ. ನಡುವೆ ಒಂದು ಸಲ ಬೇರೆಯವರ ಫೋನಿಂದ ಹಚ್ಚಿದ್ದನಂತೆ, ನಮ್ಮ ಟವರ್ ಸತ್ತಿತ್ತು.

ಅಳಲಿಲ್ಲ ಅಂತ ಸುಳ್ಳು ಹೇಳೋಲ್ಲ. ಸ್ವಲ್ಪ ಆಯ್ತು. ಆಮೇಲೆ ನೆನಪಾಯ್ತು, ದನ ಕರು ಹಾಕಿದ್ದು ಹೇಳಿದೆ. ಅವನು ಹೋಗುವಾಗ ಆ ದನ ಇನ್ನೂ ಕರು ಹಾಕದ ಸಣ್ಣ ಗಡಸು. "ಯಾವ ಬಣ್ಣ? ಹಣೆ ಮೇಲೆ ಬಿಳಿ ಇದೆಯಾ?" ಅಂತ ಕೇಳಿದ. ಇದೆ ಅಂದೆ. ಹೆಸರು ಇಡಬೇಡಿ, ನಾನು ಹೇಳುತ್ತೇನೆ ಅಂದ. ಅಷ್ಟರಲ್ಲಿ ಕಟ್ ಆಯ್ತು. ಕರುವಿಗೆ ಇನ್ನೂ ಹೆಸರಿಲ್ಲ. ಸರ್ವಿಸ್ ನಂಬರ್ ಕೇಳೋದೇ ಮರೆತೆ ನೋಡಿ, ಆದರೆ ಅವನ ಹಳೇ ಕಾಗದದಲ್ಲಿ ಪೂರ್ತಿ ವಿಳಾಸ ಸಿಕ್ಕಿತು.

ಇವರು ಅಟ್ಟ ಹತ್ತಿ ಹಳೇ ಬಿಸ್ಕತ್ತಿನ ತಗಡಿನ ಡಬ್ಬ ಮೂರು ಇಳಿಸಿದ್ದಾರೆ, ಯಾವುದು ಗಟ್ಟಿ ಅಂತ ಬಡಿದು ನೋಡುತ್ತಿದ್ದಾರೆ. ಟೀವಿ ಇನ್ನೂ ಓಡುತ್ತಲೇ ಇದೆ. ಬರುವ ವಾರ ನಮ್ಮಲ್ಲಿ ಚಕ್ಕುಲಿ ಕಂಬಳ, ಓಣಿಯವರೆಲ್ಲ ಬಂದು ಕೂಡಿ ಚಕ್ಕುಲಿ ಸುತ್ತುತ್ತಾರೆ. ಕೈಚಕ್ಕುಲಿ ಅಲ್ಲಿವರೆಗೆ ಮುರಿಯದೇ ಹೋಗುತ್ತಾ? ಅಪ್ಪೆಮಿಡಿ ಉಪ್ಪಿನಕಾಯಿನೂ ಇಡಲಾ? ಕೊರಿಯರಲ್ಲಿ ಬೇಗ ಹೋಗುತ್ತೆ ಅಂತಾರೆ ಇವರು.

ಹಳೇ ಹವಾಲ್ದಾರ, ಅಂಕೋಲಾ:

ಕೊರಿಯರಿನವರು ಅಲ್ಲಿಗೆ ಹೋಗೋಲ್ಲ ತಂಗಿ, ಪೋಸ್ಟ್ ಆಫೀಸೇ ಗತಿ. ಸರ್ವಿಸ್ ನಂಬರ್, ರ‍್ಯಾಂಕ್, ಹೆಸರು, ಯುನಿಟ್, ಕೇರಾಫ್ 56 ಎಪಿಓ (ಸೈನ್ಯದ ಪೋಸ್ಟ್ ಆಫೀಸು), 9ರಿಂದ ಶುರುವಾಗುವ ಪಿನ್ ಇದ್ದರೆ ಅದು. ಊರಿನ ಹೆಸರು, ಲಡಾಖ್ ಗಿಡಾಖ್ ಏನೂ ಬರೆಯಬೇಡಿ. ದಿಲ್ಲಿಗೆ ಹೋಗಿ ಅಲ್ಲಿಂದ ಸೈನ್ಯದ ಡಾಕಿನವರೇ ಮುಟ್ಟಿಸುತ್ತಾರೆ. ಉಪ್ಪಿನಕಾಯಿ ಬೇಡ, ಸೋರಿದರೆ ಎಲ್ಲರ ಕಾಗದವೂ ಹಾಳು. ಹಲಸಿನ ಹಪ್ಪಳ ಇಡಿ.

ಚಕ್ಕುಲಿ ಮುರಿದರೆ ಮುರೀಲಿ. ಅವನ ಹತ್ತಿರ ಚಮಚ ಇರುತ್ತೆ.