ಅಡುಗೆಮನೆಯಲ್ಲೇ ಮಗನಿಗೆ ಅಕ್ಷರ, ಲೆಕ್ಕ ಕಲಿಸಬಹುದಾ?

ವಿರಾಜಪೇಟೆ ಅಮ್ಮ:
ಮಗನಿಗೆ ಐದೂವರೆ ವರ್ಷ, ಯುಕೆಜಿ. ಪುಸ್ತಕ ಹಿಡಿದು ಕೂತರೆ ಎರಡೇ ನಿಮಿಷ, ಆಮೇಲೆ ಅಳು. ಆದರೆ ನಾನು ಅಡುಗೆಮನೆಗೆ ಹೋದರೆ ಬೆನ್ನ ಹಿಂದೆಯೇ ಇರುತ್ತಾನೆ. ಮೊನ್ನೆ ಕಡಂಬುಟ್ಟಿಗೆ (ನಮ್ಮ ಕೊಡಗಿನ ಅಕ್ಕಿ ತರಿಯ ಉಂಡೆ) ತರಿ ಅಳೆಯುವಾಗ ಪಾವನ್ನು ನನ್ನ ಕೈಯಿಂದ ಕಿತ್ತುಕೊಂಡ. ಒಂದು ಪಾವು ತರಿಯನ್ನು ಉದ್ದ ಲೋಟಕ್ಕೆ ಸುರಿದು "ಜಾಸ್ತಿ ಆಯ್ತು" ಅಂದ, ಅದನ್ನೇ ತಟ್ಟೆಗೆ ಸುರಿದು "ಈಗ ಕಮ್ಮಿ" ಅಂದ. ಎರಡೂ ಒಂದೇ ಕಣೋ ಅಂದರೆ ಒಪ್ಪಲೇ ಇಲ್ಲ. ನನಗೆ ಸ್ವಲ್ಪ ಗಾಬರಿ. ಮನೆಯಲ್ಲಿ ನಮ್ಮದು ಕೊಡವ ತಕ್ಕ್ (ಕೊಡವರ ಭಾಷೆ), ಶಾಲೆಯಲ್ಲಿ ಕನ್ನಡ, ಅದಕ್ಕೇ ಹಿಂದೆ ಬೀಳುತ್ತಿದ್ದಾನಾ? ಅಡುಗೆಯಲ್ಲಿ ಕಲಿಸಿದರೆ ನಿಜವಾಗಿ ಕಲಿಯುತ್ತಾನಾ, ಇಲ್ಲ ಸುಮ್ನೆ ಆಟವಾ?

ಸೋಮವಾರಪೇಟೆ ಟೀಚರ್:
ಗಾಬರಿ ಬೇಡಮ್ಮ. ಒಂದನೇ ಕ್ಲಾಸಿನ ಮಕ್ಕಳ ಜೊತೆ ವರ್ಷಗಟ್ಟಲೆ ಇದ್ದವಳು ನಾನು, ಆರೇಳು ವರ್ಷದವರೆಗೂ ಎಷ್ಟೋ ಮಕ್ಕಳು ಹೀಗೇ ಹೇಳುತ್ತಾರೆ. ಪಿಯಾಜೆ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞ ಲೋಟದ ನೀರಿನಲ್ಲಿ ಇದನ್ನೇ ನೋಡಿ ಬರೆದಿದ್ದಾರೆ. ಎತ್ತರ ಕಂಡರೆ ಮಗುವಿಗೆ ಜಾಸ್ತಿ ಅನಿಸುತ್ತದೆ, ಅಷ್ಟೇ. ಬಾಯಲ್ಲಿ ಹೇಳಿ ಒಪ್ಪಿಸಬೇಡಿ. ತಟ್ಟೆಯಲ್ಲಿರೋದನ್ನ ವಾಪಸ್ ಪಾವಿಗೆ ಅವನೇ ತುಂಬಲಿ, ಕಂಠದವರೆಗೆ ಬರುತ್ತದಾ ಅಂತ ಅವನೇ ನೋಡಲಿ. ಆಮೇಲೆ ಎರಡು ಪಾವು ಸುರಿದರೆ ಅಚ್ಚೇರು ತುಂಬುತ್ತದೆ, ನಾಲ್ಕು ಸುರಿದರೆ ಸೇರು. ಅರ್ಧ, ಕಾಲು ಅನ್ನೋದು ಬೋರ್ಡಿನ ಮೇಲೆ ಬರೆದರೆ ಹತ್ತದ ಮಕ್ಕಳಿಗೂ ಇದು ಕೈಗೆ ಹತ್ತುತ್ತದೆ.

ಅಕ್ಷರಕ್ಕೂ ಅಡುಗೆಮನೆಯಷ್ಟು ಒಳ್ಳೆ ಜಾಗ ಇಲ್ಲ. ಡಬ್ಬಗಳನ್ನೇ ನೋಡಿ: ಅಕ್ಕಿ, ಉಪ್ಪು, ಬೆಲ್ಲ, ತುಪ್ಪ, ಎಣ್ಣೆ, ಹಿಟ್ಟು, ಬೆಳ್ಳುಳ್ಳಿ. ಎಲ್ಲದರಲ್ಲೂ ಒತ್ತಕ್ಷರ ಇದೆ, ಅದೂ ಅದೇ ಅಕ್ಷರದ ಒತ್ತು! ಮಕ್ಕಳು ಮೊದಲು ಎಡವೋದು ಅಲ್ಲೇ ಅಲ್ವಾ. ಚೀಟಿ ಬರೆದು ಅಂಟಿಸಿ, "ಬೆಲ್ಲ ಕೊಡು" ಅಂದಾಗ ಓದಿ ತರಲಿ. ತಪ್ಪು ಡಬ್ಬ ತಂದರೂ ಬೈಬೇಡಿ, ಮುಚ್ಚಳ ತೆಗೆದರೆ ಅವನಿಗೇ ಗೊತ್ತಾಗುತ್ತದೆ.

ಗೋಣಿಕೊಪ್ಪದ ಅಪ್ಪ:
ಅಕ್ಕಾ, ತಕ್ಕ್ ಬಿಡಿಸಬೇಡಿ, ಅದರಿಂದಲೇ ಶುರು ಮಾಡಿ. ನನ್ನ ಮಗಳಿಗೆ ಕಡಂಬುಟ್ಟು, ನೂಪುಟ್ಟು, ಪಾಪುಟ್ಟು, ಕೂವಲೆಪುಟ್ಟು ಅಂತ ನಮ್ಮ ತಿಂಡಿಗಳ ಹೆಸರನ್ನು ಕನ್ನಡ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆದು ಕೊಟ್ಟೆ. ಸ್ವಲ್ಪ ಹೊತ್ತು ನೋಡಿ ಪ್ರತಿಯೊಂದರ ಕೊನೆಗೂ ಬೆರಳಿಟ್ಟು "ಟ್ಟು, ಟ್ಟು" ಅಂತ ಕೂಗಿದಳು, ಆವತ್ತೇ ಅವಳಿಗೆ ಒತ್ತು ಸಿಕ್ಕಿದ್ದು. ನೂಪುಟ್ಟು ಅನ್ನೋ ಹೆಸರಲ್ಲಿ ನೂಲು ಇದೆ, ಪಾಪುಟ್ಟು ಅನ್ನೋ ಹೆಸರಲ್ಲಿ ಹಾಲು ಇದೆ ಅಂತ ಅವಳಜ್ಜಿ ಹೇಳಿಕೊಟ್ಟರು. ಕಕ್ಕಡ (ನಮ್ಮ ಮಳೆಗಾಲದ ತಿಂಗಳು) ಶುರುವಾದ ದಿನದಿಂದ ಕ್ಯಾಲೆಂಡರಲ್ಲಿ ದಿನಕ್ಕೊಂದು ಗೆರೆ ಎಳೆಸಿ, ಹದಿನೆಂಟನೇ ದಿನಕ್ಕೆ ಮದ್ದು ಸೊಪ್ಪಿನ ಪಾಯಸ. ಆ ಲೆಕ್ಕ ಮಾತ್ರ ತಪ್ಪಲ್ಲ. ಒಲೆ ಹತ್ತಿರ ಬಿಡಬೇಡಿ, ಕುದಿಯುವ ನೀರಿಗೆ ತರಿ ಹಾಕಿ ಗೊಟಾಯಿಸೋದು ನಮ್ಮ ಕೆಲಸ.

ವಿರಾಜಪೇಟೆ ಅಮ್ಮ:
ಟೀಚರ್, ಅಣ್ಣ, ಇಬ್ಬರಿಗೂ ಥ್ಯಾಂಕ್ಸ್. ಭಾನುವಾರ ಮಾಡಿ ನೋಡಿದೆ. ತರಿ ಬೆಂದು ಆರಿದ ಮೇಲೆ ಉಂಡೆ ಕಟ್ಟಲು ಕೂರಿಸಿದೆ. ಆರು ಜನ, ಒಬ್ಬೊಬ್ಬರಿಗೆ ನಾಲ್ಕು ಅಂತ ಮಾತ್ರ ಹೇಳಿದ್ದೆ. ಆರು ತಟ್ಟೆ ಸಾಲಾಗಿ ಇಟ್ಟು ಒಂದೊಂದೇ ಹಂಚುತ್ತಾ ಬಂದ, ಕೊನೇ ತಟ್ಟೆಗೆ ಮೂರೇ ಆಯ್ತು. ಹಿಟ್ಟು ಖಾಲಿ. ನಾನು ಬಾಯಿ ಬಿಡಲಿಲ್ಲ, ಕಷ್ಟವಾಯ್ತು. ತುಂಬಾ ಹೊತ್ತು ನೋಡಿದ. ಆಮೇಲೆ ದೊಡ್ಡ ಉಂಡೆಗಳಿಂದ ಚೂರು ಚೂರು ಕಿತ್ತು, ಅಂಗೈಯಲ್ಲಿ ಉರುಟಿ, ಇನ್ನೊಂದು ಮಾಡಿದ. "ಇಪ್ಪತ್ನಾಲ್ಕು" ಅಂದ. ಅಲ್ಲಿವರೆಗೆ ಅವನು ಇಪ್ಪತ್ತರ ಮೇಲೆ ಎಣಿಸಿದ್ದನ್ನು ನಾನು ಕೇಳಿರಲಿಲ್ಲ.