ಅವ್ವನ ಹಿಮೋಗ್ಲೋಬಿನ್ ಏರಿತು, ಥೈರಾಯ್ಡ್ ಕೆಟ್ಟಿತು. ಯಾಕೆ?

ಪ್ರಶ್ನೆ: ನವನಗರ, ಬಾಗಲಕೋಟೆ

ನಮಸ್ಕಾರ ರೀ. ನಮ್ಮ ಅವ್ವನಿಗೆ 58 ವರ್ಷ. ಒಂಬತ್ತು ವರ್ಷದಿಂದ ಥೈರಾಯ್ಡ್ ಗುಳಿಗೆ, 75 ಮೈಕ್ರೋಗ್ರಾಂನದು. ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆಯ ಅಂಕಿ, ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಇದು ಏರುತ್ತದೆ) ಯಾವಾಗಲೂ 3ರ ಆಸುಪಾಸು ಇರುತ್ತಿತ್ತು. ದೀಪಾವಳಿ ಹೊತ್ತಿಗೆ ಹಿಮೋಗ್ಲೋಬಿನ್ 8.6ಕ್ಕೆ ಇಳಿದು ಡಾಕ್ಟರು ಕಬ್ಬಿಣದ ಗುಳಿಗೆ ಕೊಟ್ಟರು. ಮೊಣಕಾಲು ನೋಯುತ್ತದೆ ಅಂತ ಕ್ಯಾಲ್ಸಿಯಂ ಮಾತ್ರ ನಾನೇ ತಂದುಕೊಟ್ಟೆ, ಯಾರನ್ನೂ ಕೇಳಲಿಲ್ಲ. ಮರೆಯಬಾರದು ಅಂತ ಅವ್ವ ಮೂರನ್ನೂ ಎಲೆ-ಅಡಿಕೆ ಚಂಚಿಯಲ್ಲಿಟ್ಟುಕೊಂಡು ಬೆಳಗ್ಗೆ ಒಂದೇ ಗುಟುಕಿಗೆ ನುಂಗುತ್ತಿದ್ದಳು.

ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 10.9 ಆಯಿತು. ಆದರೆ ಅವ್ವ ಮೂರು ರೊಟ್ಟಿ ಬಡಿಯುವಷ್ಟರಲ್ಲಿ ಗೋಡೆಗೆ ಒರಗಿ ಕೂಡುತ್ತಾಳೆ. ಶಿವರಾತ್ರಿ ಕಳೆದು ಬಿಸಿಲು ಏರಿದರೂ ಕೌದಿ ಬಿಡುತ್ತಿಲ್ಲ. ನಿನ್ನೆ ಟಿಎಸ್‌ಎಚ್ 14 ಬಂದಿದೆ. ಡೋಸ್ ಏರಿಸಬೇಕಾ, ಕಬ್ಬಿಣ ನಿಲ್ಲಿಸಬೇಕಾ? ನನಗೆ ಬಹಳ ಹೆದರಿಕೆಯಾಗಿದೆ.

ಉತ್ತರ: ವಿಜಯಪುರ, ಔಷಧಿ ಅಂಗಡಿ

ಅಕ್ಕಾರ, ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಔಷಧವನ್ನು ಕರುಳಿನಲ್ಲೇ ಹಿಡಿದುಬಿಡುತ್ತವೆ, ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಥೈರಾಯ್ಡ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ. ಚಹಾ ಅರ್ಧ-ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂಗೆ ಕಡಿಮೆ ಅಂದರೂ 4 ಗಂಟೆ ಅಂತರ ಬೇಕು. ಅವೆರಡನ್ನೂ ಒಟ್ಟಿಗೆ ಕೊಡಬೇಡಿ.

ಇನ್ನೊಂದು ಮಾತು. ಈಗ ಸುಮ್ನೆ ಡೋಸ್ ಏರಿಸಿದಿರಿ ಅಂತಿಟ್ಟುಕೊಳ್ಳಿ. ನಾಳೆ ಕಬ್ಬಿಣ ಮುಗಿದಾಗ ಅಷ್ಟೂ ಔಷಧ ಮೈಗೆ ಹತ್ತಿ ಎದೆ ಡವಡವ ಅನ್ನಬಹುದು. ಮೂರೂ ಸ್ಟ್ರಿಪ್ ಹಿಡಿದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಉತ್ತರ: ಬೆಳಗಾವಿ

ಕೂದಲಿನ ಗುಳಿಗೆ ಏನಾದರೂ ತಗೋತಾರಾ? ನಾನು ಬಯೋಟಿನ್ ತಗೊಳ್ಳುತ್ತಿದ್ದೆ. ಅದರಿಂದ ರಕ್ತ ಪರೀಕ್ಷೆಯೇ ತಪ್ಪು ತೋರಿಸಿತು, ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ ಬಂತು. ಅದನ್ನು ನಂಬಿ ನನ್ನ ಡೋಸ್ ಇಳಿಸಿದರು, ಎರಡು ತಿಂಗಳು ಒದ್ದಾಡಿದೆ. ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ಬಿಡಬೇಕಂತೆ. ಜಾಸ್ತಿ ಡೋಸ್ ಇದ್ದರೆ ಇನ್ನೂ ಮೊದಲೇ.

ಪ್ರಶ್ನೆ ಕೇಳಿದವರು, ಎಂಟು ವಾರದ ನಂತರ

ಡಾಕ್ಟರು ಡೋಸ್ ಮುಟ್ಟಲಿಲ್ಲ, ಬರೀ ಹೊತ್ತು ಬದಲಿಸಿದರು. ಆರಕ್ಕೆ ಥೈರಾಯ್ಡ್, ಹನ್ನೊಂದಕ್ಕೆ ನಿಂಬೆ ನೀರಿನ ಜೊತೆ ಕಬ್ಬಿಣ, ರಾತ್ರಿ ಉಂಡ ಮೇಲೆ ಕ್ಯಾಲ್ಸಿಯಂ. ಟಿಎಸ್‌ಎಚ್ 4.8ಕ್ಕೆ ಬಂದಿದೆ. ಅವ್ವ ಮತ್ತೆ ಬುಟ್ಟಿ ತುಂಬ ರೊಟ್ಟಿ ಬಡಿಯುತ್ತಾಳೆ. ಮಲಬದ್ಧತೆ ಮಾತ್ರ ಹೋಗಿಲ್ಲ. ಅದಕ್ಕೇ ಈಗ ಕಬ್ಬಿಣ ದಿನ ಬಿಟ್ಟು ದಿನ ಕೊಡಲು ಹೇಳಿದ್ದಾರೆ. "ನನ್ನ ಚಾಕ್ಕೂ ಗಡಿಯಾರ ಕಟ್ಟಿದಿ" ಅಂತ ಅವ್ವ ಬೈಯುತ್ತಾಳೆ, ಆದರೆ ಏಳು ಬಡಿಯುವ ತನಕ ಕಾಯುತ್ತಾಳೆ.