ಅರಿವು ಕೇಂದ್ರದಲ್ಲಿ ಸ್ಮಾರ್ಟ್‌ಫೋನ್ ತರಗತಿ: ಎಲ್ಲಿಂದ ಶುರು ಮಾಡೋದು?

ಪುಸ್ತಕದಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಸ್ವಸಹಾಯ ಸಂಘದ ಹೆಂಗಸರಿಗೆ ಮತ್ತು ಅರವತ್ತು ದಾಟಿದವರಿಗೆ ಫೋನ್ ಬಳಸೋದನ್ನ ಹೇಳಿಕೊಡಬೇಕಾಗಿದೆ. 22 ಜನ ಹೆಸರು ಕೊಟ್ಟಿದ್ದಾರೆ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದೂವರೆ ಗಂಟೆ, ಒಟ್ಟು ಆರು ವಾರ. ಬಹುತೇಕರದ್ದು ಮಕ್ಕಳು ಬಳಸಿ ಬಿಟ್ಟ ಆಂಡ್ರಾಯ್ಡ್ ಫೋನು, ನಾಲ್ವರ ಹತ್ತಿರ ಕೀಪ್ಯಾಡ್ ಸೆಟ್. ಕೇಂದ್ರದಲ್ಲಿ ಪ್ರೊಜೆಕ್ಟರ್ ಇದೆ. ಸಹಾಯಕ್ಕೆ ಪಿಯುಸಿ ಓದೋ ಮೂವರು ಹುಡುಗಿಯರು ಬರ್ತಾರೆ.

ಅನುಮಾನ ಮೂರು. ಫೋನಿನ ಭಾಷೆಯನ್ನ ಕನ್ನಡಕ್ಕೆ ಬದಲಾಯಿಸಿಯೇ ಶುರು ಮಾಡಬೇಕಾ? ಯುಪಿಐ ಯಾವ ವಾರಕ್ಕೆ ಇಟ್ಕೋಬೇಕು? "ಏನಾದ್ರೂ ಒತ್ತಿಬಿಟ್ರೆ ದುಡ್ಡು ಹೋಗಿಬಿಡುತ್ತೆ" ಅನ್ನೋ ಭಯ ಬಿಡಿಸೋದು ಹೇಗೆ?

---

ಕೀಲಿಮಣೆ ಉತ್ತರ:

ಮೊದಲನೇ ದಿನ ಏನೂ ಕಲಿಸಬೇಡಿ, ಫೋನ್ ರಿಪೇರಿ ಮಾಡಿ. ರಿಪೇರಿ ಅಂದ್ರೆ ಸ್ಕ್ರೂ ಬಿಚ್ಚೋದಲ್ಲ, ಸೆಟ್ಟಿಂಗ್ಸ್ ಸರಿ ಮಾಡೋದು. "ನನಗೆ ಬರಲ್ಲ ಕಣಮ್ಮ" ಅನ್ನೋರ ಪೈಕಿ ಅರ್ಧ ಜನಕ್ಕೆ ತೊಂದರೆ ತಲೆಯಲ್ಲಿಲ್ಲ, ಫೋನಿನಲ್ಲಿದೆ.

ಸ್ಕ್ರೀನ್ ಆರುವ ಸಮಯ ಸಾಮಾನ್ಯವಾಗಿ 30 ಸೆಕೆಂಡು ಇರುತ್ತೆ. ಓದಿ, ಯೋಚಿಸಿ, ಬೆರಳು ಎತ್ತೋ ಹೊತ್ತಿಗೆ ಕತ್ತಲು. ಅದನ್ನ 2 ನಿಮಿಷಕ್ಕೆ ಏರಿಸಿ. ಅಕ್ಷರದ ಗಾತ್ರ ಒಂದೆರಡು ಮೆಟ್ಟಿಲು ದೊಡ್ಡದು ಮಾಡಿ, ಆದರೆ ಕೊನೇ ಮೆಟ್ಟಿಲಿಗೆ ಹೋಗಬೇಡಿ. ಅಲ್ಲಿಗೆ ಹೋದರೆ ಕೆಲವು ಆ್ಯಪ್‌ಗಳಲ್ಲಿ "ಮುಂದುವರಿಸಿ" ಗುಂಡಿ ಪರದೆಯಿಂದ ಕೆಳಗೆ ಜಾರಿ ಕಾಣದಂತಾಗುತ್ತೆ.

ಈಗಿನ ಫೋನುಗಳಲ್ಲಿ ಅಂಚಿನಿಂದ ಬೆರಳು ಎಳೆದು ಹಿಂದೆ ಹೋಗೋ ವ್ಯವಸ್ಥೆ ಇದೆ. ಹೊಸಬರಿಗೆ ಅದು ಯಮಯಾತನೆ. ಸೆಟ್ಟಿಂಗ್ಸ್‌ನ ಮೇಲುಗಡೆ ಹುಡುಕೋ ಜಾಗದಲ್ಲಿ "ನ್ಯಾವಿಗೇಶನ್" ಅಂತ ಹುಡುಕಿ, ಕೆಳಗೆ ಮೂರು ಗುಂಡಿ ಕಾಣೋ ಹಾಗೆ ಮಾಡಿ. ಹಿಂದೆ ಹೋಗೋ ಗುಂಡಿ ಕಣ್ಣಿಗೆ ಕಾಣ್ತಾ ಇದ್ದರೆ ಧೈರ್ಯ ತಾನೇ ಬರುತ್ತೆ.

ಇನ್ನೊಂದು, ಒತ್ತುವ ಸಮಸ್ಯೆ. ಹೊಲ, ಮುಸುರೆ ಕೆಲಸ ಮಾಡಿದ ಬೆರಳ ತುದಿ ಒಣಗಿ ದಪ್ಪಗಾಗಿರುತ್ತೆ, ಸ್ಕ್ರೀನ್ ಗುರುತು ಹಿಡಿಯಲ್ಲ. ಆಗ ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಉದ್ದ ಒತ್ತಿದರೆ ಫೋನು ಅದನ್ನ ಬೇರೆಯೇ ಆಜ್ಞೆ ಅಂತ ತಿಳಿಯುತ್ತೆ: ಐಕಾನ್ ಅಲುಗಾಡಿ ಜಾಗ ಬದಲಿಸುತ್ತೆ, ಅಥವಾ ತೆಗೆದುಹಾಕಬೇಕಾ ಅಂತ ಕೇಳುತ್ತೆ. ಪರಿಹಾರ ಮೂರು. ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟು ಬೆರಳು ಒರೆಸಿಕೊಳ್ಳೋದು. ಉಗುರಿನ ತುದಿಯಿಂದಲ್ಲದೆ ಬೆರಳಿನ ಮೆತ್ತನೆ ಭಾಗದಿಂದ ಮುಟ್ಟೋದು. ಸೆಟ್ಟಿಂಗ್ಸ್‌ನ ಅಕ್ಸೆಸಿಬಿಲಿಟಿಯೊಳಗೆ "ಟಚ್ ಅಂಡ್ ಹೋಲ್ಡ್ ಡಿಲೇ" (ಎಷ್ಟು ಹೊತ್ತು ಒತ್ತಿದರೆ ಉದ್ದ ಒತ್ತಿದ ಲೆಕ್ಕ ಅನ್ನೋದು) ಇದ್ದರೆ ಅದನ್ನ "ಲಾಂಗ್" ಮಾಡೋದು. ಹೋಮ್ ಸ್ಕ್ರೀನ್ ಲಾಕ್ ಮಾಡೋ ಆಯ್ಕೆ ಇದ್ದರೆ ಅದನ್ನೂ ಹಾಕಿಬಿಡಿ.

ಮಕ್ಕಳ ಹಳೇ ಫೋನಿನಲ್ಲಿ ಮಗನ ಗೂಗಲ್ ಅಕೌಂಟೇ ಕೂತಿರುತ್ತೆ. ಅಮ್ಮ ತೆಗೆದ ಫೋಟೋ ಮಗನ ಅಕೌಂಟಿಗೆ ಹೋಗುತ್ತೆ, ಅವನ ಕಾಂಟ್ಯಾಕ್ಟು ಇವರ ಫೋನಿಗೆ ಬರುತ್ತೆ. "ರೀಸೆಟ್ ಹೊಡೆದುಬಿಡೋಣ" ಅಂತ ಯಾರಾದರೂ ಹುಮ್ಮಸ್ಸು ತೋರಿಸಿದರೆ ತಡೆಯಿರಿ. ಅಕೌಂಟ್ ತೆಗೆಯದೆ ರೀಸೆಟ್ ಮಾಡಿದರೆ ಹಳೇ ಅಕೌಂಟಿನ ಪಾಸ್‌ವರ್ಡೋ ಹಳೇ ಸ್ಕ್ರೀನ್ ಲಾಕೋ ಕೇಳಿಕೊಂಡು ಫೋನ್ ಅಲ್ಲೇ ನಿಂತುಬಿಡಬಹುದು. ತರಗತಿಗೆ ಮುಂಚೆಯೇ "ಮಗನೋ ಮಗಳೋ ಮನೇಲಿ ಇದ್ದಾಗ ಅವರ ಅಕೌಂಟ್ ತೆಗೆಸಿ, ನಿಮ್ಮದೇ ಒಂದು ಹಾಕಿಸಿಕೊಂಡು ಬನ್ನಿ" ಅಂತ ಚೀಟಿ ಕಳಿಸಿ.

ಮೆಮೊರಿ ತುಂಬಿದ್ದರೆ ಯಾವ ಪಾಠವೂ ನಡೆಯಲ್ಲ. ಕಾರಣ ಹತ್ತಕ್ಕೆ ಒಂಬತ್ತು ಪಾಲು ವಾಟ್ಸ್‌ಆ್ಯಪ್‌ನ ಶುಭೋದಯ. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ತೆರೆದು, ಮೊಬೈಲ್ ಡೇಟಾ, ವೈಫೈ ಎರಡಕ್ಕೂ ತಾನಾಗಿ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿ. ಹಳೇ ವಿಡಿಯೋ ಅಳಿಸೋದು ಎರಡನೇ ತರಗತಿಯ ಪಾಠವಾಗಲಿ. ಆಯ್ಕೆ ಮಾಡೋದು, ಅಳಿಸೋದು, ತಪ್ಪಿದರೆ ಹಿಂದೆ ಬರೋದು, ಎಲ್ಲ ಅದರಲ್ಲೇ ಕಲಿತುಹೋಗುತ್ತೆ.

ಸಹಾಯಕ ಹುಡುಗಿಯರಿಗೆ ಒಂದೇ ನಿಯಮ: ಕಲಿಯೋರ ಫೋನ್ ಮುಟ್ಟಬಾರದು. ಯಾವುದು ಅಂತ ತೋರಿಸೋಕೆ ಕೈಯಲ್ಲಿ ಪ್ಲಾಸ್ಟಿಕ್ ಮುಚ್ಚಳದ ಪೆನ್ನು ಕೊಡಿ. ಮುಚ್ಚಳ ತಾಗಿದರೆ ಸ್ಕ್ರೀನ್ ಕದಲಲ್ಲ, ಒತ್ತುವ ಕೆಲಸ ಕಲಿಯೋರಿಗೇ ಉಳಿಯುತ್ತೆ. 22 ಜನರನ್ನ 11-11 ಮಾಡಿ ಎರಡು ತಂಡ ಮಾಡಿ. ಮೂವರು ಸಹಾಯಕರಿಗೆ ಅದಕ್ಕಿಂತ ಹೆಚ್ಚು ಆಗಲ್ಲ.

ಪ್ರೊಜೆಕ್ಟರ್ ನೆಚ್ಚಬೇಡಿ. ನಿಮ್ಮ ಫೋನಿನಲ್ಲಿ ಮೇಲಿರೋ ಗುಂಡಿ ಅವರ ಫೋನಿನಲ್ಲಿ ಕೆಳಗಿರುತ್ತೆ. ಯುಪಿಐ ಆ್ಯಪ್‌ಗಳು ಪಿನ್ ಪರದೆಯನ್ನ ಬಿತ್ತರಿಸೋಕೆ ಬಿಡಲ್ಲ, ಗೋಡೆ ಮೇಲೆ ಕಪ್ಪು ಚೌಕ ಬರುತ್ತೆ. ಅದರ ಬದಲು ಡ್ರಾಯಿಂಗ್ ಶೀಟಿನಲ್ಲಿ ದೊಡ್ಡದಾಗಿ ಪರದೆಯ ಚಿತ್ರ ಬರೆಸಿ.

---

ಬಿಳಿಜೋಳ ಉತ್ತರ:

ಕೀಲಿಮಣೆಯವರು ಹೇಳಿದ್ದು ಎಲ್ಲಾ ಬರೋಬ್ಬರಿ ಐತ್ರಿ. ನಾ ರೊಕ್ಕದ ಮಾತು ಹೇಳ್ತೀನಿ. ಎಷ್ಟೋ ಮಂದಿ ಯುಪಿಐ ಕಡೀ ವಾರಕ್ಕ ಇಡ್ತಾರ, ನಾ ಅದನ್ನ ಒಪ್ಪಂಗಿಲ್ಲ. ಆ ಹೆಣ್ಮಕ್ಳು ಬರೋದ "ಗೃಹಲಕ್ಷ್ಮಿ ಎರಡು ಸಾವಿರ ಬಂತೋ ಇಲ್ಲೋ" ನೋಡಾಕ. ಅದಕ್ಕ ಎರಡು ಭಾಗ ಮಾಡ್ರಿ: ರೊಕ್ಕ *ನೋಡೋದು* ಎರಡನೇ ವಾರ, ರೊಕ್ಕ *ಕಳಸೋದು* ನಾಲ್ಕನೇ ವಾರ. ನೋಡೂದ್ರಾಗ ಕಳಕೊಳ್ಳೂದು ಏನಿಲ್ಲ.

ನೋಡಾಕ ಡಿಬಿಟಿ ಕರ್ನಾಟಕ ಆ್ಯಪ್ ಸಾಕು. ಆಧಾರ್ ನಂಬರ್ ಹಾಕೂದು, ಆಧಾರಿಗೆ ಕೂಡಿಸಿದ ಮೊಬೈಲಿಗೆ ಒಟಿಪಿ ಬರ್ತೈತಿ, ಆಮ್ಯಾಲ ಒಂದು ಪಿನ್ ಇಟಗೊಳ್ಳೂದು. ಯಾವ ಯೋಜನೆ ರೊಕ್ಕ ಯಾವತ್ತ ಯಾವ ಬ್ಯಾಂಕಿಗೆ ಬಿತ್ತು ಅನ್ನೂದು ಅಲ್ಲೇ ಕಾಣಸ್ತೈತಿ. ಇಲ್ಲಿ ಎಡವೂದು ಎರಡು ಕಡೆ. ಒಂದು, ಆಧಾರಿಗೆ ಇರೋ ನಂಬರ್ ಹಳೇದು, ಸಿಮ್ ಯಾವಾಗೋ ಬಂದ್ ಆಗಿರ್ತೈತಿ. ಅದು ನಿಮ್ಮ ತರಗತಿಯೊಳಗ ಸರಿ ಆಗಂಗಿಲ್ಲ, ಆಧಾರ್ ಕೇಂದ್ರಕ್ಕ ಹೋಗಬೇಕು. ಎರಡನೇದು ಬ್ಯಾಂಕಿಂದು. "ನನ್ನ ಪಾಸ್‌ಬುಕ್‌ನ್ಯಾಗ ಬಂದೇ ಇಲ್ಲ" ಅಂತಾರ, ರೊಕ್ಕ ಇನ್ನೊಂದು ಬ್ಯಾಂಕಿನ್ಯಾಗ ಕೂತಿರ್ತೈತಿ. ಆಧಾರ್ ನಾಲ್ಕು ಬ್ಯಾಂಕಿಗೆ ಕೊಟ್ಟಿದ್ರೂ ಸರ್ಕಾರದ ರೊಕ್ಕ ಹೋಗೂದು ಎನ್‌ಪಿಸಿಐ (ಯುಪಿಐ ನಡಸೋ ಸಂಸ್ಥೆ) ಪಟ್ಟಿಯೊಳಗ ಕಡೀಗೆ ಜೋಡಿಸಿದ ಒಂದೇ ಬ್ಯಾಂಕಿಗೆ. ಮೈಆಧಾರ್ ವೆಬ್‌ಸೈಟಿನ್ಯಾಗ "ಬ್ಯಾಂಕ್ ಸೀಡಿಂಗ್ ಸ್ಟೇಟಸ್" ತೆಗದ್ರ ಬ್ಯಾಂಕಿನ ಹೆಸರು ಬರ್ತೈತಿ. ಇದೊಂದು ತೋರಿಸಿಕೊಟ್ರ ಸಾಕು ನೋಡ್ರಿ, ಮುಂದಿನ ವಾರ ಯಾರೂ ತಪ್ಪಸಂಗಿಲ್ಲ.

ಇನ್ನ ಕಳಸೋದು. ಯುಪಿಐ ಶುರು ಮಾಡುವಾಗ ಫೋನು ತಾನಾಗೇ ಒಂದು ಎಸ್‌ಎಂಎಸ್ ಕಳಸ್ತೈತಿ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿನಿಂದಲೇ ಹೋಗಬೇಕು. "ವೆರಿಫಿಕೇಶನ್ ಫೇಲ್" ಬಂತಂದ್ರ ಈ ಮೂರು ನೋಡ್ರಿ: ಎರಡು ಸಿಮ್ಮಿನ್ಯಾಗ ತಪ್ಪು ಸಿಮ್ ಆರಿಸ್ಯಾರೇನು, ರೀಚಾರ್ಜ್ ಮುಗಿದು ಹೊರಗ ಹೋಗೋ ಎಸ್‌ಎಂಎಸ್ ನಿಂತೈತೇನು, ಬ್ಯಾಂಕಿಗೆ ಕೊಟ್ಟಿದ್ದು ಮಗನ ನಂಬರೇನು. ವೈಫೈ ಎಷ್ಟ ಜೋರ್ ಇದ್ರೂ ಸಿಮ್ಮಿಗೆ ಸಿಗ್ನಲ್ ಇಲ್ಲಂದ್ರ ಆಗಂಗಿಲ್ಲ, ಅಂಗಳಕ್ಕ ಹೋಗಿ ಮಾಡ್ರಿ.

ಪಿನ್ ಇಡಾಕ ಡೆಬಿಟ್ ಕಾರ್ಡಿನ ಕಡೀ ಆರು ಅಂಕಿ ಮತ್ತು ಅವಧಿ ಬೇಕು. ಕಾರ್ಡ್ ಇಲ್ಲದವರಿಗೆ ಆಧಾರ್ ಒಟಿಪಿ ದಾರಿ ಐತಿ, ಆದ್ರ ಬ್ಯಾಂಕಿಗೂ ಆಧಾರಿಗೂ ಒಂದೇ ಮೊಬೈಲ್ ನಂಬರ್ ಇರಬೇಕು. ಹೊಸದಾಗಿ ಶುರು ಮಾಡಿದ ಮೊದಲ 24 ತಾಸು ಮಿತಿ ಕಮ್ಮಿ ಇರ್ತೈತಿ, ಸಾಮಾನ್ಯ ₹5,000. ಅದನ್ನ ಮೊದಲ ಹೇಳ್ರಿ, ಇಲ್ಲಂದ್ರ ಫೋನ್ ಕೆಟ್ಟೈತಿ ಅಂತಾರ.

ರೂಢಿಗೆ ಒಂದು ರೂಪಾಯಿ ಆಟ ಆಡಸ್ರಿ. ದುಂಡಗ ಕುಂಡ್ರಿಸಿ, ಒಬ್ಬಾಕಿ ಪಕ್ಕದಾಕಿಗೆ ₹1, ಆಕಿ ಮುಂದಿನಾಕಿಗೆ ₹1. ಪಿನ್ ಒತ್ತೂದಕಿಂತ ಮೊದಲ ಬರೋ ಹೆಸರು ಜೋರಾಗಿ ಓದಬೇಕು. ಒಂದು ಸುತ್ತು ಮುಗಿದ ಮ್ಯಾಲ ಎಲ್ಲಾರ ರೊಕ್ಕ ಎಲ್ಲಾರಿಗೂ ವಾಪಸ್. "ಪೆಂಡಿಂಗ್" ಬಂದ್ರ ಮತ್ತ ಕಳಸಬಾರದು. ಖಾತೆಯಿಂದ ಕಟ್ ಆಗಿ ಆ ಕಡೆ ಮುಟ್ಟದಿದ್ರ, ಮಂದಿಗೆ ಕಳಿಸಿದ್ದು ಮರುದಿನದೊಳಗ, ಅಂಗಡಿಗೆ ಕಳಿಸಿದ್ದು ಐದು ದಿನದೊಳಗ ವಾಪಸ್ ಬರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ. ತಡ ಆದ್ರ ದಿನಕ್ಕ ₹100 ಪರಿಹಾರ.

---

ಗೇಟ್‌ಕೀಪರ್ ಉತ್ತರ:

ಭಯದ ಪ್ರಶ್ನೆಗೆ. "ಏನೂ ಆಗಲ್ಲ, ಹೆದರಬೇಡಿ" ಅಂತ ಮಾತ್ರ ಹೇಳಬೇಡಿ. ಸುಳ್ಳು ಅಂತ ಅವರಿಗೂ ಗೊತ್ತು. ನಿಜಕ್ಕೂ ದುಡ್ಡು ಹೋಗೋದು ಹೆಚ್ಚಾಗಿ ಮೂರು ಬಾಗಿಲಿಂದ: ಪಿನ್ ಒತ್ತಿದಾಗ, ಒಟಿಪಿ ಹೇಳಿದಾಗ, ಯಾರೋ ಕಳಿಸಿದ ಆ್ಯಪ್ ಹಾಕಿಕೊಂಡಾಗ. ಇವು ಮೂರನ್ನ ಬಿಟ್ಟು ಬೇರೆ ಏನೇ ಒತ್ತಿದರೂ ಹಿಂದೆ ಹೋಗೋ ಗುಂಡಿ ಇದೆ. ಭಯಪಡೋ ಜಾಗ ಇಷ್ಟೇ ಅಂತ ಗೊತ್ತಾದರೆ ಉಳಿದ ಕಡೆ ಕೈ ಆಡುತ್ತೆ.

ದುಡ್ಡು *ಬರೋಕೆ* ಪಿನ್ ಬೇಡ. ಇದನ್ನ ಪ್ರತಿ ತರಗತಿಯ ಕೊನೆಗೆ ಒಂದು ಸಲ ಹೇಳಿಸಿ. "ನಿಮಗೆ ಹಣ ಬಂದಿದೆ, ಪಿನ್ ಹಾಕಿ ಪಡೀರಿ" ಅನ್ನೋ ಮೋಸ ಇಷ್ಟಕ್ಕೇ ಸಾಯುತ್ತೆ.

ಮೂರನೇ ಬಾಗಿಲು ಈಗ ಹೆಚ್ಚು ಅಪಾಯದ್ದು. ವಾಟ್ಸ್‌ಆ್ಯಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಅಂತ ಹೆಸರಿಟ್ಟು ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಹಾಕೋ ಫೈಲ್) ಬರುತ್ತೆ. ಕರೆಯೋಲೆ ಚಿತ್ರವಾಗಿ ಬರಬೇಕು ಅಥವಾ ಪಿಡಿಎಫ್ ಆಗಿ. "ಇನ್‌ಸ್ಟಾಲ್" ಅಂತ ಕೇಳೋ ಕರೆಯೋಲೆ ಲೋಕದಲ್ಲಿಲ್ಲ. ಹಾಕಿಕೊಂಡರೆ ಅದು ಎಸ್‌ಎಂಎಸ್ ಓದೋ ಅನುಮತಿ ಕೇಳಿ ಒಟಿಪಿಗಳನ್ನ ಕಳ್ಳರಿಗೆ ದಾಟಿಸುತ್ತೆ. ಮೊದಲ ದಿನದ ರಿಪೇರಿಯಲ್ಲೇ "ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್" ಹುಡುಕಿ, ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆದುಬಿಡಿ. ಯಾರಾದರೂ ಈಗಾಗಲೇ ಹಾಕಿಕೊಂಡಿದ್ದರೆ: ಡೇಟಾ, ವೈಫೈ ಆಫ್, ಸಿಮ್ ಹೊರಕ್ಕೆ, ಬೇರೆ ಫೋನಿಂದ ಬ್ಯಾಂಕಿಗೆ ಕರೆ. ಆಮೇಲಷ್ಟೇ ಆ್ಯಪ್ ತೆಗೆಯೋದು. ಅನ್‌ಇನ್‌ಸ್ಟಾಲ್ ಗುಂಡಿ ಮಸುಕಾಗಿದ್ದರೆ ಅದು ಡಿವೈಸ್ ಅಡ್ಮಿನ್ ಆಗಿ (ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದು) ಕೂತಿದೆ ಅಂತ ಅರ್ಥ. ಸೆಟ್ಟಿಂಗ್ಸ್‌ನಲ್ಲಿ "ಡಿವೈಸ್ ಅಡ್ಮಿನ್" ಅಂತ ಹುಡುಕಿ ಮೊದಲು ಅಲ್ಲಿಂದ ಇಳಿಸಿ.

ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪರಿಶೀಲನೆಯ ಆರು ಅಂಕಿ ಪಿನ್ ಹಾಕಿಸಿ. "ಲಿಂಕ್ಡ್ ಡಿವೈಸಸ್" ತೆರೆದು ಗೊತ್ತಿಲ್ಲದ ಕಂಪ್ಯೂಟರ್ ಇದೆಯಾ ನೋಡೋದನ್ನೂ ತೋರಿಸಿ.

ಒಂದು ಪಾಠ ಯಾರೂ ಮಾಡಲ್ಲ: ಕರೆ ಕತ್ತರಿಸೋದು. ನಮ್ಮ ಹಿರಿಯರಿಗೆ ಎದುರಿಗಿರೋರು ಮಾತಾಡ್ತಿರುವಾಗ ಫೋನ್ ಇಡೋದು ಅಂದ್ರೆ ಮನೆಗೆ ಬಂದವರ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಪೊಲೀಸರ ಸೋಗಿನಲ್ಲಿ ಫೋನಿನಲ್ಲೇ "ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ" ಅಂತ ಹೆದರಿಸೋರು ಅದನ್ನೇ ನೆಚ್ಚಿಕೊಂಡಿರ್ತಾರೆ. ಕಾನೂನಿನಲ್ಲಿ ಹಾಗೊಂದು ಬಂಧನವೇ ಇಲ್ಲ. ಸಹಾಯಕ ಹುಡುಗಿ ಹೊರಗೆ ನಿಂತು "ನಾನು ಸಿಬಿಐನಿಂದ" ಅಂತ ಕರೆ ಮಾಡಲಿ, ಇವರು ವಾಕ್ಯ ಮುಗಿಯೋ ಮುಂಚೆ ಕೆಂಪು ಗುಂಡಿ ಒತ್ತಲಿ. ನಗು ಬರುತ್ತೆ, ಬರಲಿ. ಎರಡು ಮೂರು ಸಲ ಮಾಡಿಸಿ.

ದುಡ್ಡು ಹೋದರೆ 1930, ಸೈಬರ್ ವಂಚನೆಯ ಸಹಾಯವಾಣಿ. ಗೋಡೆ ಮೇಲೆ ಬರೆಸಿ, ಎಲ್ಲರ ಕಾಂಟ್ಯಾಕ್ಟಿನಲ್ಲಿ "ದುಡ್ಡು ಹೋಯ್ತು" ಅಂತ ಸೇವ್ ಮಾಡಿಸಿ. ಕರೆ ಮಾಡುವಾಗ ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಹೋದ ಮೊತ್ತ, ಹೊತ್ತು, ಎಸ್‌ಎಂಎಸ್‌ನಲ್ಲಿರೋ ವಹಿವಾಟಿನ ಸಂಖ್ಯೆ ಕೈಯಲ್ಲಿರಬೇಕು. ಬ್ಯಾಂಕಿಗೂ ಅದೇ ಗಳಿಗೆಯಲ್ಲಿ ಹೇಳಬೇಕು. ಯಾಕೆ ಅಂದ್ರೆ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ಒಟಿಪಿ ತಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಗ್ರಾಹಕರದ್ದು. ತಿಳಿಸಿದ ಮೇಲೂ ದುಡ್ಡು ಹೋದರೆ ಅದು ಬ್ಯಾಂಕಿನದ್ದು. ಮಕ್ಕಳು ಬೈತಾರೆ ಅಂತ ಮುಚ್ಚಿಟ್ಟು ಮರುದಿನ ಬಾಯಿ ಬಿಡೋದರಿಂದ ಆಗೋ ನಷ್ಟ ಇದೇ.

---

ಪುಸ್ತಕದಮನೆ:

ಮೂವರಿಗೂ ತುಂಬಾ ಥ್ಯಾಂಕ್ಸ್. ಪೆನ್ನಿನ ಮುಚ್ಚಳ ಮತ್ತು ಒಂದು ರೂಪಾಯಿ ಆಟ ಖಂಡಿತ ಮಾಡಿಸ್ತೀನಿ. ಭಾಷೆ ಪ್ರಶ್ನೆ ಉಳೀತು. ಕೀಪ್ಯಾಡ್ ಇರೋ ನಾಲ್ವರನ್ನ ಏನು ಮಾಡಲಿ?

---

ಕೀಲಿಮಣೆ ಉತ್ತರ:

ಭಾಷೆ: ಇಡೀ ಫೋನ್ ಬದಲಿಸಬೇಡಿ. ಬದಲಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಬರೋ ಕೆಲವು ಕನ್ನಡ ಪದ ಯಾವ ಕನ್ನಡಿಗರಿಗೂ ಅರ್ಥವಾಗಲ್ಲ, ಮನೆಯಲ್ಲಿ ಸಹಾಯ ಮಾಡೋ ಮೊಮ್ಮಗನಿಗಂತೂ ದಾರಿಯೇ ತಪ್ಪುತ್ತೆ. ಆ್ಯಪ್ ಒಂದೊಂದಾಗಿ ಬದಲಿಸಿ. ವಾಟ್ಸ್‌ಆ್ಯಪ್, ಫೋನ್‌ಪೇ, ಗೂಗಲ್ ಪೇ, ಭೀಮ್ ನಾಲ್ಕರೊಳಗೂ ಕನ್ನಡ ಇದೆ. ಕನ್ನಡ ಓದೋಕೆ ಬಾರದವರಿಗೆ ಗುಂಡಿಯ ಆಕಾರ, ಬಣ್ಣ ಹೇಳಿಕೊಡಿ.

ಬರೆಯೋಕೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್ ಹಾಕಿ, ಅದರ ಭಾಷೆಗಳಲ್ಲಿ ಕನ್ನಡ ಸೇರಿಸುವಾಗ "ಕೈಬರಹ" ಆರಿಸಿ. ಸ್ಲೇಟಿನ ಮೇಲೆ ಬರೆದ ಹಾಗೆ ಬೆರಳಲ್ಲಿ ಬರೆದರೆ ಅಕ್ಷರ ಮೂಡುತ್ತೆ. ಒತ್ತಕ್ಷರ ಎಲ್ಲಿದೆ ಅಂತ ಹುಡುಕೋ ಗೋಜಿಲ್ಲ, ಮೂರನೇ ಕ್ಲಾಸ್ ಓದಿದವರೂ ಹತ್ತು ನಿಮಿಷದಲ್ಲಿ ಹೆಸರು ಬರೀತಾರೆ. ಮೈಕ್ ಒತ್ತಿ ಮಾತಾಡಿದರೂ ಕನ್ನಡ ಬರುತ್ತೆ, ಆದರೆ ಹನ್ನೊಂದು ಜನ ಒಟ್ಟಿಗೆ ಮಾತಾಡೋ ಕೋಣೆಯಲ್ಲಿ ಅದು ಪಕ್ಕದವರ ಮಾತನ್ನೂ ಬರೆದುಬಿಡುತ್ತೆ. ಮೈಕ್ ಪಾಠ ಹೊರಗೆ ಜಗಲಿ ಮೇಲೆ ಮಾಡಿ.

ಕೀಪ್ಯಾಡ್ ನಾಲ್ವರನ್ನ ಒಂದೇ ತಂಡದಲ್ಲಿ ಒಟ್ಟಿಗೆ ಕೂರಿಸಿ, ಒಬ್ಬ ಹುಡುಗಿಯನ್ನ ಅವರಿಗೇ ಬಿಡಿ. *99# ಡಯಲ್ ಮಾಡಿದರೆ ಇಂಟರ್‌ನೆಟ್ ಇಲ್ಲದೆಯೂ ಬ್ಯಾಲೆನ್ಸ್ ನೋಡಬಹುದು, ಹಣ ಕಳಿಸಬಹುದು. ನಂಬರ್ ಬ್ಯಾಂಕಿಗೆ ಜೋಡಿಸಿರಬೇಕು, ಪಿನ್ ಇಡೋಕೆ ಡೆಬಿಟ್ ಕಾರ್ಡ್ ತರಬೇಕು. ಉತ್ತರಿಸೋದು ತಡವಾದರೆ ಆ ಮೆನು ತಾನಾಗಿ ಮುಚ್ಚಿಹೋಗುತ್ತೆ, ಅದಕ್ಕೇ ಒತ್ತಬೇಕಾದ ಅಂಕಿಗಳನ್ನ ಸಾಲಾಗಿ ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂರಬೇಕು. ಪಿನ್ ಮಾತ್ರ ಆ ಚೀಟಿಯಲ್ಲಿ ಬೇಡ. ಫೋನಿನ ಕವರ್ ಒಳಗೂ ಬೇಡ, ಮೊದಲ ದಿನ ಎಲ್ಲರ ಕವರ್ ಬಿಚ್ಚಿಸಿ ನೋಡಿ, ಎರಡು ಮೂರಾದರೂ ಸಿಗುತ್ತೆ.